ಅತ್ತೆಯ ಗೋಡೆಗೆ ಒಂದು ಸಾಲು

ನಮ್ಮತ್ತೆ ಚೆನ್ನಾಜಮ್ಮನವರ ಬಗ್ಗೆ ಬರೆಸಿದ ಮೊದಲನೇ ಸಾಲು ಒಂದೇ ರಾತ್ರಿಗೆ ಉದುರಿಹೋಯಿತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದವಳು ನಾನೇ. ಜಗಲಿಯ ಉದ್ದಕ್ಕೂ ಸುಣ್ಣದ ಚಕ್ಕೆ ಬಿದ್ದಿತ್ತು, ಒಂದೊಂದು ಚಕ್ಕೆಯ ಮೇಲೂ ಅರ್ಧರ್ಧ ಅಕ್ಷರ. ಎದುರುಮನೆಯಾಕೆ ಆಗಲೇ ಪೊರಕೆ ಹಿಡಿದು ನಿಂತಿದ್ದಳು. ಗುಡಿಸುತ್ತಿರಲಿಲ್ಲ, ನೋಡುತ್ತಿದ್ದಳು. ನಾನು ದಿನಾ ಮಾಡುವ ಕೆಲಸವೇ ಇದು ಅನ್ನುವ ಹಾಗೆ ಗುಡಿಸಿ, ಮೊರಕ್ಕೆ ತುಂಬಿ, ಒಳಗೆ ತಂದು ಹಿತ್ತಲಿಗೆ ಸುರಿದೆ. ನನಗೆ ಆಶ್ಚರ್ಯವೇನೂ ಆಗಿರಲಿಲ್ಲ. ಬೀಳುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ಇಪ್ಪತ್ತೊಂದು ದಿನದೊಳಗೆ ಮನೆಯ ಬೀದಿ ಕಡೆಯ ಗೋಡೆಗೆ ಅವರ ಬಗ್ಗೆ ಒಂದು ಸಾಲು ಬರೆಸಬೇಕು. ನಿಜವಾದರೆ ನಿಲ್ಲುತ್ತದೆ, ಸುಳ್ಳಾದರೆ ಬೆಳಗಾಗುವುದರೊಳಗೆ ಸುಣ್ಣದ ಸಮೇತ ಉದುರುತ್ತದೆ. ಹಿಂದಿನವರು ದಾನಶೂರ, ಪತಿವ್ರತೆ, ಅಜಾತಶತ್ರು ಅಂತೆಲ್ಲ ದೊಡ್ಡ ದೊಡ್ಡದಾಗಿ ಬರೆಸಿ ಮಾನ ಕಳೆದುಕೊಂಡಿದ್ದಾರಂತೆ. ಈಗಿನವರು ಜಾಣರು. ನಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ನಿಮಗೇ ತಿಳಿಯುತ್ತದೆ. ಒಬ್ಬರು ಹಾಗಲಕಾಯಿ ಮುಟ್ಟುತ್ತಿರಲಿಲ್ಲ. ಇನ್ನೊಬ್ಬರು ಎಡಮಗ್ಗುಲಿಗೇ ಮಲಗುತ್ತಿದ್ದರು. ಮೂಲೆಮನೆಯ ಅಜ್ಜನಿಗೆ ಸೀನು ಬಂದರೆ ಮೂರು ಬರುತ್ತಿತ್ತು. ನಮ್ಮ ಮಾವನವರದ್ದು ನಮ್ಮ ಗೋಡೆಯ ಮೇಲೇ ಇದೆ: ಟೀಗೆ ಚಿಟಿಕೆ ಉಪ್ಪು ಹಾಕಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಮೇಷ್ಟರಾಗಿ ಊರಿಗೆಲ್ಲ ಅಕ್ಷರ ಕಲಿಸಿದ ಮನುಷ್ಯ, ಕೊನೆಗೆ ಉಳಿದದ್ದು ಉಪ್ಪಿನ ಟೀ.

ಅದರ ಪಕ್ಕದಲ್ಲಿ ಚಿಕ್ಕ ಅಕ್ಷರದ ಇನ್ನೊಂದು ಸಾಲಿದೆ: ನೀಲಿಗೆ ಐದು ತುಂಬಲು ಹನ್ನೊಂದು ದಿನ ಇತ್ತು. ನೀಲಿ ನಮ್ಮತ್ತೆಯ ಎರಡನೇ ಮಗು, ಜ್ವರದಲ್ಲಿ ಹೋದದ್ದು. ಐವತ್ಮೂರು ವರ್ಷವಾಯಿತು. ಆ ಸಾಲು ಹೇಳಿ ಬರೆಸಿದವರು ಅತ್ತೆಯೇ ಅಂತೆ. ಪ್ರತಿ ವರ್ಷ ಸುಣ್ಣ ಬಳಿಯುವಾಗ ಆ ಅಕ್ಷರಗಳ ಸುತ್ತ ಬೇರೆಯವರ ಕೈ ಹಾಕಿಸುತ್ತಿರಲಿಲ್ಲ. ತಾವೇ ತೆಂಗಿನ ನಾರಿನ ಸಣ್ಣ ಕುಂಚ ಮಾಡಿಕೊಂಡು, ಉಸಿರು ಬಿಗಿಹಿಡಿದು, ಒಂದೊಂದು ಅಕ್ಷರದ ಅಂಚಿಗೂ ಬಳಿಯುತ್ತಿದ್ದರು.

ಗೋಡೆ ಬೋಳಾಗಿಯೇ ಇಪ್ಪತ್ತೊಂದು ದಿನ ಕಳೆದರೆ ಶಿಕ್ಷೆಯೇನೂ ಇಲ್ಲ. ಆದರೆ ಆ ಹೆಸರನ್ನು ಆಮೇಲೆ ಊರಲ್ಲಿ ಯಾವ ಮಗುವಿಗೂ ಇಡುವುದಿಲ್ಲ. ಆ ಮನೆಯವರು ಏನೋ ಮುಚ್ಚಿಟ್ಟಿದ್ದಾರೆ ಅನ್ನುವ ಮಾತು ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ.

ನಮ್ಮತ್ತೆಗೆ ಉಪ್ಪಿನ ಟೀಯಂಥ ಸಾಲು ಸಾಲುತ್ತಿರಲಿಲ್ಲ, ಅದೇ ಕಷ್ಟ. ಐವತ್ತು ವರ್ಷ ದಿನಾ ಸಂಜೆ ಆರಕ್ಕೆ ಕಲ್ಲೇಶ್ವರನ ಗುಡಿಯಲ್ಲಿ ದೀಪ ಹಚ್ಚಿ ಭಜನೆ ಹೇಳಿಸಿದವರು ಅವರು. ಕಷ್ಟ ಅಂತ ಬಂದವರ ಕೈಗೆ ಅರಿಶಿನದ ದಾರ ಕಟ್ಟುತ್ತಿದ್ದರು. ಪರೀಕ್ಷೆಗೆ ಹೋಗುವವರು, ಬಸುರಿಯರು, ಕೋರ್ಟಿಗೆ ಅಲೆಯುವವರು, ಗಂಡನಿಗೆ ಕುಡಿತ ಬಿಡಿಸಬೇಕು ಅನ್ನುವವರು, ಎಲ್ಲರ ಮುಂಗೈಯಲ್ಲೂ ಅತ್ತೆಯ ದಾರ. ಊರಿಗೆ ಊರೇ ಅವರನ್ನು ಭಜನೆ ಅಜ್ಜಿ ಅನ್ನುತ್ತಿತ್ತು. ಅಂಥವರ ಗೋಡೆಗೆ ಕಡಲೆಪುರಿ ಇಷ್ಟ ಅಂತ ಬರೆದರೆ ಜನ ಒಪ್ಪುತ್ತಾರೆಯೇ?

ಮೊದಲ ಸಾಲು ಕೊಟ್ಟವರು ಉಜ್ಜನಪ್ಪ ಭಾವ, ನಮ್ಮ ಮನೆಯವರ ಅಣ್ಣ. ಅರವತ್ತೆರಡು ವರ್ಷ, ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾರೆ. ಅಮ್ಮನಿಗೆ ಕೈಲಾಗದೆ ಹೋದ ಮೇಲೆ ಗುಡಿಯ ದೀಪ ನೋಡಿಕೊಳ್ಳುತ್ತಿದ್ದವರು ಅವರೇ. ಇನ್ನು ಮುಂದೆ ದಾರ ಕಟ್ಟುವುದೂ ಅವರಿಗೇ ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಒಳ್ಳೆಯ ಮನುಷ್ಯ, ಆದರೆ ಒಂದು ಚಟ. ಎಲ್ಲಿಗೆ ಹೋದರೂ ಓಡಿಯೇ ಹೋಗಬೇಕು. ಕೊತ್ತಂಬರಿ ಸೊಪ್ಪು ತರಲು ಕಳಿಸಿದರೂ ಮನೆಗೆ ಬೆಂಕಿ ಬಿದ್ದವರ ಹಾಗೆ ಹೋಗಿ ಬರುತ್ತಾರೆ. ಊರಿನ ಹುಡುಗರು ಉಜ್ಜನಪ್ಪ ಎಕ್ಸ್‌ಪ್ರೆಸ್ಸು ಅನ್ನುತ್ತಾರೆ. ನಿಧಾನವಾಗಿ ನಡೀರಿ ಭಾವ, ಮೂಳೆ ಮುರೀತದೆ ಅಂತ ನಾನು ಹೇಳಿ ಹೇಳಿ ಸೋತಿದ್ದೆ.

ಹನ್ನೊಂದನೇ ದಿನ ಭಾವ ದಸ್ತಗೀರ್ ಸಾಬರನ್ನು ಕರೆಸಿದರು. ಊರಿನ ಗೋಡೆಗಳನ್ನೆಲ್ಲ ಬರೆಯುವವರು ಅವರೇ, ಅವರಪ್ಪನೂ ಅದೇ ಕೆಲಸ ಮಾಡಿದವರು. ಭಾವ ಹೇಳಿದ ಸಾಲು, ಎಲ್ಲವನ್ನೂ ದೇವರ ಮೇಲೆ ಬಿಟ್ಟು ಬದುಕಿದ ತಾಯಿ. ಸಾಬರು ಕುಂಚ ಅದ್ದುವ ಮೊದಲು ಗಡ್ಡ ಕೆರೆದುಕೊಂಡು, ಉಜ್ಜನಪ್ಪನೋರೇ, ಅಜ್ಜಿ ಯಾವ ಹೂವು ಮುಡೀತಿದ್ರು ಅದನ್ನ ಬರೆಯೋಣವಾ ಅಂತ ಕೇಳಿದರು. ಭಾವ ಕೇಳಿಸಿಕೊಳ್ಳಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಅದು ಬಿದ್ದ ಮೇಲೆ ಭಾವ ಸುಣ್ಣವನ್ನು ಬೈದರು. ಸರಿಯಾಗಿ ನೆನೆದಿಲ್ಲ, ಮರಳು ಜಾಸ್ತಿ, ಸುಣ್ಣ ಸುಡುವ ಗೂಡಿನವನು ಮೋಸ ಮಾಡಿದ್ದಾನೆ ಅಂತ. ನಮ್ಮೂರಲ್ಲಿ ಗೋಡೆ ಉದುರಿದ ಮನೆಯವರೆಲ್ಲ ಮೊದಲು ಸುಣ್ಣವನ್ನೇ ಬೈಯುತ್ತಾರೆ. ಹೊಸ ಸುಣ್ಣ ತಂದು, ತಾವೇ ಕಲಸಿ, ಜಾಲಿ ಅಂಟು ಹಾಕಿ ಬಳಿದರು. ಹದಿನಾಲ್ಕನೇ ದಿನ ಎರಡನೇ ಸಾಲು: ಊರಿನ ಕಷ್ಟವನ್ನು ದೇವರಿಗೆ ಮುಟ್ಟಿಸಿ ಕಳೆದವರು. ಅದು ಬೆಳಗಿನವರೆಗೂ ಕಾಯಲಿಲ್ಲ. ನಾವು ಊಟಕ್ಕೆ ಕೂತಿದ್ದಾಗಲೇ ಹೊರಗೆ ಚಟಚಟ ಸದ್ದಾಯಿತು. ಯಾರೂ ಎದ್ದು ಹೋಗಿ ನೋಡಲಿಲ್ಲ.

ಆಮೇಲೆ ಜನ ಬರಲು ಶುರುವಾದರು. ಏನೂ ಕೇಳುತ್ತಿರಲಿಲ್ಲ, ಮಜ್ಜಿಗೆ ಕೊಟ್ಟರೆ ಕುಡಿದು, ಮುಂಗೈಯ ದಾರ ಸವರಿಕೊಳ್ಳುತ್ತಾ ಕೂತು ಎದ್ದು ಹೋಗುತ್ತಿದ್ದರು. ಕೇಳಿದವಳು ಕುಸುಮ ಒಬ್ಬಳೇ. ಐದು ಮನೆ ಆಚೆಯ ಹುಡುಗಿ. ಮೂರು ಸಲ ಬಸುರಾಗಿ ಮೂರೂ ಉಳಿಯಲಿಲ್ಲ, ಇದು ನಾಲ್ಕನೆಯದು, ಏಳು ತುಂಬಿತ್ತು. ಅತ್ತೆ ಕೊನೆಯದಾಗಿ ದಾರ ಕಟ್ಟಿದ್ದು ಇವಳಿಗೇ, ಹಾಸಿಗೆಯಲ್ಲಿ ಮಲಗಿಕೊಂಡೇ ಕಟ್ಟಿದ್ದರು. ಹೆಣ್ಣಾದರೆ ಚೆನ್ನಾಜಿ ಅಂತಲೇ ಇಡುತ್ತೇನೆ ಅಂದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡು, "ವೇಣಕ್ಕ, ಅಜ್ಜಿ ನಮಗೆ ಸುಳ್ಳು ಹೇಳ್ತಿದ್ರಾ?" ಅಂದಳು. ನಾನು ಇಲ್ಲ ಕಣೆ ಅಂದೆ. ಮುಂದೆ ಇನ್ನೇನೋ ಹೇಳಬೇಕಿತ್ತು, ಹೇಳಲಿಲ್ಲ. ಅವಳು ದಾರದ ಗಂಟನ್ನು ಉಗುರಲ್ಲಿ ಬಿಚ್ಚುವುದು, ಬಿಗಿಯುವುದು ಮಾಡುತ್ತಾ ಹೋದಳು.

ನನಗೆ ಏನು ಗೊತ್ತಿತ್ತು ಅನ್ನುವುದನ್ನು ಈಗ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷದ ಹಿಂದೆ ನನ್ನ ಮೊದಲನೇ ಬಸುರು ಏಳನೇ ತಿಂಗಳಲ್ಲಿ ಹೋಯಿತು. ಬಂದ ಹೆಂಗಸರೆಲ್ಲ ಒಂದೇ ಮಾತು. ಯಾವುದೋ ಹರಕೆ ಬಾಕಿ ಇದೆ, ದೇವರಿಗೆ ಸಿಟ್ಟು ಬಂದಿದೆ, ನೆನಪು ಮಾಡಿಕೋ. ನಾನು ಹುಚ್ಚಿಯ ಹಾಗೆ ಹುಟ್ಟಿದಾಗಿನಿಂದ ಮಾಡಿದ ತಪ್ಪೆಲ್ಲ ನೆನಪು ಮಾಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಅವರನ್ನೆಲ್ಲ ಎಬ್ಬಿಸಿ ಕಳಿಸಿದರು. ಬುಟ್ಟಿ ಅವರೆಕಾಯಿ ತಂದು ನನ್ನ ಮುಂದೆ ಸುರಿದು, ಸುಲಿ ಅಂದರು. ತಾವೂ ಸುಲಿಯಲು ಕೂತರು. ಅರ್ಧ ಬುಟ್ಟಿ ಆದ ಮೇಲೆ ತಲೆ ಎತ್ತದೆಯೇ ಹೇಳಿದರು:

"ಅವನ ಕೈಲಿ ಆಗಿದ್ರೆ ಮಾಡ್ತಿದ್ದ ವೇಣಿ. ಆಗಲಿಲ್ಲ. ಅವನ ಕೈಲಿ ಏನೂ ಆಗಲ್ಲ ಕಣೆ. ನಮ್ಮ ಹಾಗೇ ನೋಡ್ಕೊಂಡು ಕೂತಿರ್ತಾನೆ, ಅಷ್ಟೇ."

ನಾನು ಗಾಬರಿಯಾಗಿ ಅತ್ತ ಇತ್ತ ನೋಡಿದೆ. ಹಾಗಾದರೆ ನೀವು ದಿನಾ ಗುಡಿಗೆ ಯಾಕೆ ಹೋಗ್ತೀರಿ ಅಂತ ಕೇಳಿದೆ. ಎಲ್ಲರೂ ಕೇಳೋಕೇ ಹೋಗ್ತಾರೆ, ಕೊಡೋಕೆ ಆಗದವನಿಗೆ ಎಷ್ಟು ಸಂಕಟ ಆಗ್ತದೋ, ಯಾರಾದರೂ ಒಬ್ಬರು ಏನೂ ಕೇಳದೆ ಜೊತೆಗೆ ಕೂತು ಬರಬೇಕಲ್ಲ ಅಂದರು. ನೀಲಿ ಹೋದಾಗಿನಿಂದ ಅವರು ದೇವರ ಹತ್ತಿರ ಏನನ್ನೂ ಬೇಡಿರಲಿಲ್ಲವಂತೆ. ಮತ್ತೆ ದಾರ ಅಂದೆ. ಕಷ್ಟದಲ್ಲಿ ಇರೋರ ಕೈಯನ್ನ ಸುಮ್ಮನೆ ಹಿಡಿದುಕೊಂಡರೆ ನಾಚಿಕೊಳ್ತಾರೆ, ದಾರ ಕಟ್ಟುವಾಗ ಹಿಡಿದುಕೊಂಡರೆ ನಾಚಿಕೊಳ್ಳಲ್ಲ ಅಂದರು. ಕೊನೆಗೆ, ಇದು ನಿನ್ನಲ್ಲೇ ಇರಲಿ ಅಂತ ಹೇಳಿ, ಸಿಪ್ಪೆ ಬಾಚಿ ಎಮ್ಮೆಗೆ ಹಾಕಲು ಎದ್ದು ಹೋದರು. ಅವತ್ತು ರಾತ್ರಿ ನಾನು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದೆ. ಆಮೇಲೆ ನನಗೆ ಇಬ್ಬರು ಮಕ್ಕಳಾದರು, ದೊಡ್ಡವರೂ ಆದರು. ಅತ್ತೆ ಆ ಮಾತು ಮತ್ತೆಂದೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಣ್ಣಿಗೆ ಬಂದು ಹೋಗಿದ್ದ ನನ್ನ ನಾದಿನಿ ಮಂಗಳ ಹದಿನೈದನೇ ದಿನ ಮತ್ತೆ ಬಂದಳು. ಕೆರೆಯಾಚೆ ಕೊಟ್ಟಿರುವುದು. ನೀಲಿ ಹೋದ ಮರುವರ್ಷ ಹುಟ್ಟಿದವಳು, ಮಾತು ಸ್ವಲ್ಪ ಖಾರ, ಆದರೆ ನನಗೂ ಅವಳಿಗೂ ಸರಿಹೋಗುತ್ತದೆ. ಬಂದವಳೇ ಬೋಳು ಗೋಡೆ ನೋಡಿ, ಕಾಲು ತೊಳೆಯದೆ ನೇರವಾಗಿ ಅವರವ್ವನ ಟ್ರಂಕು ತೆಗೆದಳು. ಸೀರೆಗಳ ಅಡಿಯಲ್ಲಿ ಒಂದು ಕಟ್ಟು ಸಿಕ್ಕಿತು. ಗೋಡೆ ಕ್ಯಾಲೆಂಡರಿನ ಹಳೇ ಹಾಳೆಗಳು, ಹಿಂದಿನ ಖಾಲಿ ಬದಿಯಲ್ಲಿ ಪೆನ್ಸಿಲ್ಲಿನ ಬರಹ, ಎಲ್ಲವನ್ನೂ ಸೇರಿಸಿ ದಬ್ಬಳದಲ್ಲಿ ಹೊಲಿದಿದ್ದರು. ಅತ್ತೆ ಬರೆಯುತ್ತಿದ್ದರು ಅನ್ನುವುದು ನನಗೂ ಗೊತ್ತಿರಲಿಲ್ಲ.

ಸಂಜೆ ಮಂಗಳ ನಡುಮನೆಯಲ್ಲಿ ನಮ್ಮನ್ನೆಲ್ಲ ಕೂರಿಸಿ ಎರಡು ಹಾಳೆ ಓದಿದಳು. ಅವರೆಕಾಯಿ ಸುಲಿಯುವಾಗ ನನಗೆ ಹೇಳಿದ್ದೇ ಅಲ್ಲೂ ಇತ್ತು, ಇನ್ನೂ ನೇರವಾಗಿ. ಭಾವ ಕೈ ಅಡ್ಡ ಹಿಡಿದರು. ಸಾಕು ನಿಲ್ಲಿಸು ಅಂದರು. ಮಂಗಳ ನಿಲ್ಲಿಸಿ, ಇದನ್ನೇ ಗೋಡೆಗೆ ಬರೆಸೋಣ, ಇದು ಬೀಳಲ್ಲ ಅಂದಳು.

ಅಲ್ಲಿಂದ ಮೂರು ದಿನ ಜಗಳ. ಭಾವನದು ಒಂದೇ ಹಟ. ಅವ್ವ ಯಾವುದೋ ದುಃಖದಲ್ಲಿ ಗೀಚಿದ್ದು, ಅದು ಅವಳ ಮನಸ್ಸಲ್ಲ, ಊರಿನ ಕೈಯಲ್ಲಿರೋ ದಾರವನ್ನೆಲ್ಲ ಒಂದೇ ದಿನಕ್ಕೆ ಕಿತ್ತು ಹಾಕಿದ ಹಾಗಾಗುತ್ತದೆ, ಆ ಬಸುರಿ ಹುಡುಗಿಗೆ ಏನಾದರೂ ಆದರೆ ಯಾರು ಹೊಣೆ, ಕಟ್ಟನ್ನು ಒಲೆಗೆ ಹಾಕಬೇಕು. ಮಂಗಳನದು ಇನ್ನೊಂದು ಹಟ. ಅವ್ವ ಐವತ್ತು ವರ್ಷ ಒಳಗೇ ಇಟ್ಟುಕೊಂಡು ಸಾಯಬಹುದು, ನಾವು ಒಂದು ಸಾಲು ಬರೆಸೋಕೆ ಹೆದರಬೇಕಾ ಅಂತ. ನಮ್ಮ ಮನೆಯವರು ಯಾರ ಕಡೆಯೂ ಇಲ್ಲ. ಆಗಾಗ ತಲೆ ತೂರಿಸಿ, ಕಡಲೆಪುರಿ ಇಷ್ಟ ಅಂತ ಬರೆಸಿಬಿಡೋಣ, ಅದಂತೂ ನಿಜ ಅನ್ನುತ್ತಿದ್ದರು. ಇಬ್ಬರೂ ಒಟ್ಟಿಗೆ ಅವರ ಮೇಲೆ ಬೀಳುತ್ತಿದ್ದರು. ನಾನು ಬೇಳೆ ಬೇಯಿಸುತ್ತಾ, ಈ ಮನೆಯಲ್ಲಿ ಒಬ್ಬರಾದರೂ ಸತ್ತವರ ಮಾತು ಕೇಳ್ತಾರಾ ಅಂತ ಗೊಣಗಿಕೊಳ್ಳುತ್ತಿದ್ದೆ.

ಆ ಗೊಣಗಾಟವೇ ನನ್ನನ್ನು ಸಿಕ್ಕಿಸಿತು. ಮಂಗಳ, ಅವ್ವ ಏನು ಮಾತು ಹೇಳಿದ್ದಳು, ಯಾರಿಗೆ ಹೇಳಿದ್ದಳು ಅಂತ ಹಿಡಿದುಕೊಂಡಳು. ನಾನು ಹೇಳಿದೆ. ನನಗೆ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ, ಅತ್ತಳು. ಹೆತ್ತ ಮಗಳು ನಾನು, ನನಗೆ ಹೇಳಲಿಲ್ಲ, ನಿಮಗೆ ಹೇಳಿದಳಲ್ಲ ಅತ್ತಿಗೆ ಅಂದಳು. ಆಮೇಲೆ ಕಟ್ಟಿನಿಂದ ಒಂದು ಹಾಳೆ ಬಿಡಿಸಿ ಅಣ್ಣನ ಮುಂದೆ ಹಿಡಿದಳು.

"ಇದನ್ನ ನೋಡು ಅಣ್ಣ. ಮಂಗಳ ಮಂಗಳಾನೇ, ಅವಳು ಇವಳಲ್ಲ ಅಂತ ಬರೆದಿದ್ದಾಳೆ. ಈ ಊರೆಲ್ಲ ಸೇರಿ ನನ್ನನ್ನ ನೀಲಿ ತಿರುಗಿ ಬಂದಳು ಅಂತ ಸಾಕಿತು. ದೇವರು ವಾಪಸ್ ಕೊಟ್ಟ ಅಂತ. ನಾನು ಬೇರೆಯವಳ ಬದುಕು ಬದುಕ್ತಾ ಇದೀನಿ ಅನ್ನಿಸೋದು ನನಗೆ. ಅವ್ವ ಒಬ್ಬಳೇ ಹಾಗೆ ಅಂದ್ಕೊಂಡಿರಲಿಲ್ಲ. ಅದು ನನಗೆ ಈಗ ಗೊತ್ತಾಗಬೇಕಾ?"

ಭಾವ ಹಾಳೆ ಮುಟ್ಟಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಗುಡಿಯ ಕಡೆ ಓಡಿದರು.

ಕಟ್ಟು ಯಾರ ಕೈಗೂ ಸಿಗದಿರಲಿ ಅಂತ ನಾನು ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಅತ್ತೆ ನಿನ್ನಲ್ಲೇ ಇರಲಿ ಅಂದದ್ದು ನನಗೆ, ಈಗ ಇದೂ ನನ್ನಲ್ಲೇ ಇರಲಿ ಅಂತ ಒಂದು ಮೊಂಡುತನ. ಆದರೆ ಹತ್ತಿರ ಇದ್ದ ಮೇಲೆ ಓದದೆ ಇರಲು ಆಗುತ್ತದೆಯೇ? ಎರಡು ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಅಡುಗೆಮನೆಯಲ್ಲಿ ಕೂತು ಪೂರ್ತಿ ಓದಿದೆ. ದೇವರ ವಿಷಯ ಬರೆದದ್ದು ನಾನು ತಿಳಿದಷ್ಟು ಇರಲಿಲ್ಲ. ಹೆಚ್ಚಿನದು ಅವನಿಗೆ ಹೇಳಿದ ಸಣ್ಣ ಪುಟ್ಟ ಸುದ್ದಿ. ಇವತ್ತು ಎಮ್ಮೆ ಹಾಲು ಕೊಡಲಿಲ್ಲ. ನಿನ್ನ ಮುಂದೆ ಇವತ್ತು ಯಾರು ಯಾರು ಅತ್ತರು, ನಾನು ನೋಡಿದೆ, ನೀನು ಬೇಜಾರು ಮಾಡಿಕೊಳ್ಳಬೇಡ. ನಡುವೆ ಎಲ್ಲೋ ಒಂದು ಹಾಳೆ ಬಂತು. ಅದನ್ನು ಓದಿದ ಮೇಲೆ ಕೈಯಲ್ಲಿದ್ದ ಅಕ್ಕಿ ಹಾಗೇ ಹಿಡಿದುಕೊಂಡು ಕೂತುಬಿಟ್ಟೆ.

ಇಪ್ಪತ್ತನೇ ದಿನ ಬೆಳಿಗ್ಗೆ ಭಾವ ಅಕ್ಕಿ ಡಬ್ಬ ಕಂಡುಹಿಡಿದರು. ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಬಚ್ಚಲ ಒಲೆಯ ಮುಂದೆ ನಿಂತಿದ್ದರು, ಕೈಯಲ್ಲಿ ಕಟ್ಟು, ಮೈಗೆಲ್ಲ ಅಕ್ಕಿ. ಹಂಡೆಯ ಕೆಳಗೆ ತೆಂಗಿನ ಗರಿ ಧಗಧಗ ಉರಿಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ನಾನು ಗಟ್ಟಿಯಾಗಿ ಮಾತಾಡಿದವಳಲ್ಲ. ಅವತ್ತು ಹೋಗಿ ಅವರಿಗೂ ಒಲೆಗೂ ನಡುವೆ ನಿಂತೆ.

"ಒಂದು ಹಾಳೆ ಕೇಳಿ ಭಾವ. ಆಮೇಲೆ ಬೇಕಾದ್ರೆ ನೀವೇ ಸುಡಿ, ನಾನು ಅಡ್ಡ ಬರಲ್ಲ."

ಅವರು ಬೇಡ ಅನ್ನಲಿಲ್ಲ. ಅವರ ಕೈಯಿಂದಲೇ ಕಟ್ಟು ತೆಗೆದುಕೊಂಡೆ. ಆ ಹಾಳೆ ಹುಡುಕಿ, ಇದ್ದದ್ದು ಇದ್ದ ಹಾಗೆ ಓದಿದೆ:

"ಉಜ್ಜ ಗುಡಿಗೆ ಓಡಿ ಬಂದ. ಎಲ್ಲೋ ಎಡವಿ ಮೊಣಕಾಲು ಒಡೆದುಕೊಂಡಿದ್ದ, ರಕ್ತ ಸೋರ್ತಿತ್ತು, ಅದು ಅವನಿಗೆ ಗೊತ್ತೇ ಇರಲಿಲ್ಲ. ಅವ್ವ ನೀಲಿಗೆ ಜಾಸ್ತಿ ಆಗಿದೆ ಬಾ ಅಂದ. ಮಂಗಳಾರತಿ ಮುಗಿಸಿ ಬರ್ತೀನಿ ನಡಿ ಅಂದೆ. ಮಂಗಳಾರತಿ ಬಿಟ್ಟು ಹೋದ್ರೆ ದೇವರು ಕೈಬಿಡ್ತಾನೆ ಅಂದ್ಕೊಂಡೆ. ಉಜ್ಜ ತಡ ಮಾಡಲಿಲ್ಲ. ತಡ ಮಾಡಿದ್ದು ನಾನು. ಇದನ್ನ ಉಜ್ಜನಿಗೆ ಹೇಳಬೇಕು."

ಅದೇ ಹಾಳೆಯ ಕೆಳಗೆ ಬೇರೆ ಪೆನ್ಸಿಲ್ಲಿನಲ್ಲಿ, ಇನ್ನೂ ಹೇಳಿಲ್ಲ ಅಂತ ಇತ್ತು. ಅದರ ಕೆಳಗೆ, ನಡುಗುವ ಕೈಯಲ್ಲಿ ಬರೆದದ್ದು, ಮತ್ತೆ ಅದೇ: ಇನ್ನೂ ಹೇಳಿಲ್ಲ.

ಭಾವ ಬಚ್ಚಲ ಕಟ್ಟೆಯ ಮೇಲೆ ಕೂತರು. ನೀರು ಕುದಿಯುತ್ತಿತ್ತು. ಅವತ್ತು ದಾರಿಯಲ್ಲಿ ಹುಡುಗರು ಬುಗುರಿ ಆಡ್ತಿದ್ದರು ವೇಣಿ, ನಾನು ನಿಂತೆ ಅಂದರು. ಎಷ್ಟು ಹೊತ್ತು ನಿಂತಿದ್ದರೋ ಅವರಿಗೆ ನೆನಪಿಲ್ಲವಂತೆ. ಒಂದು ಸುತ್ತು ತಿರುಗುವಷ್ಟೋ, ಹತ್ತು ಸುತ್ತೋ. ಮನೆಗೆ ವಾಪಸ್ ಬಂದಾಗ ಅವರಜ್ಜಿ, ನೀನು ಬೇಗ ಹೋಗಿದ್ದರೆ ಅಂತ ಒಂದು ಮಾತು ಅಂದಳಂತೆ. ಅಷ್ಟೇ. ನಾನು ಬುಗುರಿ ನೋಡಿದ್ದಕ್ಕೆ ದೇವರು ನೀಲಿಯನ್ನ ಕರೆದುಕೊಂಡ ಅಂತ ತಿಳಿದೆ, ಅವನಿಗೆ ಸಮಾಧಾನ ಆಗಲಿ ಅಂತಲೇ ಇಷ್ಟು ವರ್ಷ ದೀಪದ ಎಣ್ಣೆ ತೀರದ ಹಾಗೆ ನೋಡಿಕೊಂಡೆ ಅಂದರು. ಆಮೇಲೆ ಪಂಚೆ ಸರಿಸಿ ಬಲಮೊಣಕಾಲು ನೋಡಿಕೊಂಡರು. ಅಲ್ಲಿ ಕಾಸಿನಗಲ ಹಳೇ ಗಾಯದ ಗುರುತಿತ್ತು. ಹೆಬ್ಬೆರಳಲ್ಲಿ ಅದನ್ನು ಒತ್ತಿ ಒತ್ತಿ ನೋಡಿದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಬಂದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ ಮುದ್ದೆ ಮುರಿಯುತ್ತಾ ಕೇಳಿದರು. ನೀನು ಮಗು ಕಳಕೊಂಡಾಗ ಅವ್ವ ಏನಂದಳು, ಇನ್ನೊಂದು ಸಲ ಹೇಳಮ್ಮ ಅಂದರು. ಹೇಳಿದೆ. ಅವರು ಅದನ್ನು ಬಾಯೊಳಗೇ ಎರಡು ಸಲ ಹೇಳಿಕೊಂಡು, ದಸ್ತಗೀರ್ ಸಾಬರನ್ನ ಕರೆಸಿ ಅಂದರು.

ಮಂಗಳ ಗೆದ್ದವಳ ಹಾಗೆ ಏನೂ ಮಾಡಲಿಲ್ಲ. ಅಣ್ಣನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಹೆದರಿಕೊಂಡವಳು ಈಗ ನಾನು. ಅತ್ತೆ ನಿನ್ನಲ್ಲೇ ಇರಲಿ ಅಂದಿದ್ದರು. ಇರಲಿಲ್ಲವಲ್ಲ. ಕುಸುಮ ನೋಡಿದರೆ ಏನಾಗುತ್ತದೋ, ಹಾದಿಹೋಕರೆಲ್ಲ ಓದುತ್ತಾರಲ್ಲ, ಅತ್ತೆ ಐವತ್ತು ವರ್ಷ ಕಾಪಾಡಿದ್ದನ್ನು ನಾನು ಬಚ್ಚಲಮನೆಯಲ್ಲಿ ಬಾಯಿಬಿಟ್ಟು ಬೀದಿಗೆ ತಂದೆನಲ್ಲ ಅಂತ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಗೋಡೆ ಉದುರಿಬಿಟ್ಟರೆ ಒಳ್ಳೆಯದು ಅಂತಲೂ ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ದಸ್ತಗೀರ್ ಸಾಬರು ಸಾಲು ಕೇಳಿ ಮೊದಲು ಗೋಡೆಯ ಹಳೇ ಅಕ್ಷರಗಳನ್ನು ಹತ್ತಿರದಿಂದ ನೋಡಿದರು. ಈ ಮನೆ ಮಗುವಿನ ಸಾಲು ಬರೆದದ್ದು ನಮ್ಮಪ್ಪ ಅಂದರು. ಆಮೇಲೆ ನೀಲಿಯ ಸಾಲಿನ ಕೆಳಗೆ, ಅಷ್ಟೇ ಚಿಕ್ಕ ಅಕ್ಷರದಲ್ಲಿ ಬರೆದರು: ದೇವರ ಕೈಯಲ್ಲಿ ಆಗಿದ್ದರೆ ಮಾಡುತ್ತಿದ್ದ ಎಂದು ನಂಬಿದ್ದರು, ಏನೂ ಕೇಳದೆ ದಿನಾ ಅವನ ಜೊತೆ ಕೂತು ಬರುತ್ತಿದ್ದರು.

ಬೆಳಗಿನ ಜಾವ ನಾಲ್ವರೂ ಒಬ್ಬರಿಗೊಬ್ಬರು ಹೇಳದೆ ಬಾಗಿಲ ಹತ್ತಿರ ಸೇರಿದೆವು. ಮಂಗಳ ಚಿಲಕ ತೆಗೆದಳು. ಜಗಲಿಯ ಮೇಲೆ ಒಂದು ಚಕ್ಕೆಯೂ ಇರಲಿಲ್ಲ. ನಮ್ಮ ಮನೆಯವರು ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದರು, ಆಗಲೇ ಕಲ್ಲಿನಂತೆ ಗಟ್ಟಿಯಾಗಿತ್ತು. ಸರಿ ಹಾಗಾದರೆ ಅಂದರು. ನನಗೆ ಸಮಾಧಾನವಾಗಲಿಲ್ಲ, ಇವತ್ತಿಗೂ ಪೂರ್ತಿ ಆಗಿಲ್ಲ. ಗೋಡೆ ನಿಜವೋ ಸುಳ್ಳೋ ಅಷ್ಟನ್ನೇ ಹೇಳುತ್ತದೆ. ಬರೆಸಬೇಕಿತ್ತೋ ಬೇಡವಾಗಿತ್ತೋ ಅನ್ನುವುದನ್ನು ಹೇಳುವುದಿಲ್ಲ.

ಊರು ಸುಮ್ಮನಿರಲಿಲ್ಲ. ಮೊದಲ ವಾರ ಕೆಲವರು ದಾರ ಬಿಚ್ಚಿ ತಂದು ನಮ್ಮ ಕಿಟಕಿಯ ಸರಳಿಗೆ ಕಟ್ಟಿ ಹೋದರು. ಒಬ್ಬಾಕೆ ಬೀದಿಯಲ್ಲೇ ನಿಂತು, ನಾನು ಇಷ್ಟು ವರ್ಷ ಯಾರನ್ನ ನಂಬಿದೆ ಅಂತ ಗೋಡೆಗೇ ಕೇಳಿದಳು. ಗುಡಿಯ ಕಮಿಟಿಯವರು ಬಂದು, ಗೌರವದಿಂದಲೇ ಮಾತಾಡಿ, ಇನ್ನು ಮೇಲೆ ದೀಪದ ಕೆಲಸ ಬೇರೆ ಮನೆಯವರು ನೋಡಿಕೊಳ್ಳುತ್ತಾರೆ ಅಂದರು. ಭಾವ ಎಣ್ಣೆಯ ಗಿಂಡಿ ತೊಳೆದು, ಒರೆಸಿ, ಅವರ ಕೈಗೆ ಕೊಟ್ಟರು. ಹೆಚ್ಚಿನವರು ದಾರ ಬಿಚ್ಚಲಿಲ್ಲ. ಯಾಕೆ ಅಂತ ನಾನು ಕೇಳಲು ಹೋಗಲಿಲ್ಲ.

ಕುಸುಮ ಬಂದದ್ದು ಮೂರನೇ ದಿನ. ಸೊಂಟಕ್ಕೆ ಕೈ ಕೊಟ್ಟುಕೊಂಡು ಗೋಡೆಯ ಮುಂದೆ ನಿಂತಿದ್ದಳು. ನಾನು ಮಾಡುತ್ತಿದ್ದ ರೊಟ್ಟಿ ಬಿಟ್ಟು ಹೊರಗೆ ಓಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ, ಓದುತ್ತಲೇ ಇದ್ದಳು.

"ಹಾಗಾದ್ರೆ ಮೊದಲಿನ ಮೂರೂ ನನ್ನ ತಪ್ಪಿಗೆ ಹೋದದ್ದಲ್ಲ ಅಲ್ವಾ ವೇಣಕ್ಕ?"

"ಅಲ್ಲ ಕಣೆ" ಅಂದೆ. ಈ ಸಲ ಮುಂದೆ ಹೇಳಬೇಕಾದದ್ದನ್ನೂ ಹೇಳಿದೆ. ಜಗಲಿಯ ಮೇಲೆ ಕೂರಿಸಿಕೊಂಡು, ನನ್ನ ಏಳನೇ ತಿಂಗಳು, ಅವರೆಕಾಯಿ, ಎಲ್ಲವನ್ನೂ. ಒಳಗೆ ರೊಟ್ಟಿ ಸೀದು ವಾಸನೆ ಬರುತ್ತಿತ್ತು, ಬರಲಿ ಅಂತ ಬಿಟ್ಟೆ. ಅವಳು ಕೇಳುತ್ತಾ ಕೇಳುತ್ತಾ ಅತ್ತಳು, ಅತ್ತು ಮುಗಿದ ಮೇಲೆ ಮುಂಗೈ ಮುಂದೆ ಮಾಡಿ, ಗಂಟು ಸಡಿಲಾಗಿದೆ, ಬಿಗಿ ಮಾಡಿ ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಗಂಟು ಬಿಗಿ ಮಾಡಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಜಾಸ್ತಿಯೇ ಹಿಡಿದುಕೊಂಡಿದ್ದೆ. ಈಗ ಒಂದೂವರೆ ತಿಂಗಳಾಯಿತು, ಅವಳ ಹೆರಿಗೆಗೆ ಇನ್ನು ಹದಿನೈದು ದಿನ ಇದೆ. ಏನಾಗುತ್ತದೋ ನನಗೆ ಗೊತ್ತಿಲ್ಲ. ದಿನಾ ಒಂದು ಸಲ ಹೋಗಿ ನೋಡಿಕೊಂಡು ಬರುತ್ತೇನೆ.

ಮಂಗಳ ಊರಿಗೆ ಹೊರಟಾಗ ಆ ಕಟ್ಟನ್ನು ಕೇಳಲಿಲ್ಲ. ತನ್ನ ಹೆಸರಿದ್ದ ಒಂದು ಹಾಳೆಯನ್ನು ಮಾತ್ರ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಉಳಿದದ್ದು ಮತ್ತೆ ಅಕ್ಕಿ ಡಬ್ಬದಲ್ಲಿದೆ. ಎಲ್ಲವನ್ನೂ ಗೋಡೆಗೆ ಹಾಕಬೇಕಿಲ್ಲ, ಎಮ್ಮೆ ಹಾಲು ಕೊಡದ ಸುದ್ದಿ ಅತ್ತೆಗೂ ದೇವರಿಗೂ ನಡುವೆಯೇ ಇರಲಿ.

ನಿನ್ನೆ ಸಂಜೆ ಆರಕ್ಕೆ ಭಾವ ಶರ್ಟು ಹಾಕಿಕೊಂಡು ಹೊರಟರು. ದೀಪ ಈಗ ನಿಮ್ಮದಲ್ಲವಲ್ಲ ಭಾವ, ಎಲ್ಲಿಗೆ ಅಂದೆ. ಸುಮ್ಮನೆ, ಹಿಂದುಗಡೆ ಕೂತು ಬರ್ತೀನಿ ಅಂದರು. ಏಳಾಯಿತು, ಬರಲಿಲ್ಲ. ಏಳೂವರೆ ಆಯಿತು. ಮುದ್ದೆ ಆರಿ ಕಲ್ಲಾಗುತ್ತಿತ್ತು, ನನಗೆ ಕಾಲು ನಿಲ್ಲಲಿಲ್ಲ, ಬಾಗಿಲಿಗೆ ಬಂದು ನಿಂತೆ. ಬೀದಿಯ ತುದಿಯಲ್ಲಿ ಯಾರೋ ಬರುತ್ತಿದ್ದರು, ಭಾವ ಅಂತ ನನಗೆ ಗುರುತೇ ಸಿಗಲಿಲ್ಲ. ಒಂದೊಂದು ಮನೆಯ ಮುಂದೆಯೂ ನಿಂತು, ದೀಪದ ಬೆಳಕಿನಲ್ಲಿ ಗೋಡೆ ಓದಿ, ಹಾಗಲಕಾಯಿ ಮುಟ್ಟದವರು, ಮೂರು ಸಲ ಸೀನುವವರು ಎಲ್ಲರನ್ನೂ ಮಾತಾಡಿಸಿಕೊಂಡು ಬರುವವರ ಹಾಗೆ ಬಂದರು. ನಮ್ಮ ಗೋಡೆಯ ಹತ್ತಿರ ಬಂದು ನೀಲಿಯ ಸಾಲು ಓದಿದರು, ಅವ್ವನ ಸಾಲು ಓದಿದರು. ಆಮೇಲೆ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ನನ್ನ ಮುಖ ನೋಡಿ ನಕ್ಕರು.

"ತಡ ಆಯ್ತು ಕಣಮ್ಮ" ಅಂದರು.

ಆಗಲಿ ಬಿಡಿ ಭಾವ ಅಂದೆ. ಸಾರು ಬಿಸಿ ಮಾಡಲು ಒಳಗೆ ಹೋದೆ.